ಬಾವಿಗೆ ಇಳಿದ ಎರಡನೆಯವನು

ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಯಲು ಇಳಿದವನು ತಳದಲ್ಲಿ ಕುಸಿಯುತ್ತಾನೆ. ಎತ್ತಲೆಂದು ತಮ್ಮ ಇಳಿಯುತ್ತಾನೆ, ಅವನ ಹಿಂದೆ ಪಕ್ಕದ ಮನೆಯವನು. ಮರುದಿನ ಪತ್ರಿಕೆಯಲ್ಲಿ ಮೂರು ಹೆಣಗಳ ಸುದ್ದಿ. ‘ಚೌಡಿ ಬಲಿ ತೆಗೆದುಕೊಂಡಳು’ ಎನ್ನುವವರು ಶಿರಸಿ ಕಡೆಯ ನಮ್ಮ ಹಳ್ಳಿಗಳಲ್ಲಿ ಈಗಲೂ ಸಿಗುತ್ತಾರೆ. ಪಾಪ, ಚೌಡಿಗೆ ಇದರ ಸುದ್ದಿಯೇ ಇಲ್ಲ.

ಬಾವಿಯ ತಳದಲ್ಲಿ ಕೊಳೆಯುವ ಎಲೆ, ಸೋಗೆಗಳು ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಅದು ಚೊಂಬಿನಡಿಯ ಬೆಲ್ಲದ ಪಾಕದಂತೆ ಅಲ್ಲೇ ನಿಲ್ಲುತ್ತದೆ. ಇಟಲಿಯ ನೇಪಲ್ಸ್ ಬಳಿ ‘ನಾಯಿ ಗುಹೆ’ ಎಂದೇ ಹೆಸರಾದ ಗುಹೆಯೊಂದಿದೆ. ಅಲ್ಲಿ ಈ ಅನಿಲ ನಾಯಿಯ ಎತ್ತರಕ್ಕಷ್ಟೇ ತುಂಬಿರುತ್ತಿತ್ತು. ಮಾರ್ಗದರ್ಶಿ ಆರಾಮಾಗಿ ನಿಂತಿರುವಾಗ ಕಾಲ ಬಳಿಯ ನಾಯಿ ಮೂರ್ಛೆ ಹೋಗುವುದನ್ನು ಪ್ರವಾಸಿಗರು ಕಾಸು ಕೊಟ್ಟು ನೋಡುತ್ತಿದ್ದರು. ನಾಯಿಯನ್ನು ಯಾರೂ ಕೇಳಿದಂತಿಲ್ಲ.

‘ಉಸಿರು ಬಿಗಿಹಿಡಿದು ಇಳಿದರಾಯಿತು’ ಎನ್ನುವ ಗಟ್ಟಿಗರಿಗೆ ಒಂದು ಮಾತು. ಶ್ವಾಸಕೋಶವೆಂದರೆ ಸಂತೆ, ರಕ್ತ ಖಾಲಿ ಚೀಲ ಹಿಡಿದು ಬಂದು ಆಮ್ಲಜನಕ ತುಂಬಿಕೊಂಡು ಹೋಗುತ್ತದೆ. ಸಂತೆಯೇ ಬರಿದಾಗಿದ್ದರೆ ಚೀಲದ ತಳದಲ್ಲಿ ಉಳಿದಿದ್ದೂ ಅಲ್ಲೇ ಸುರಿದುಹೋಗುತ್ತದೆ. ಬಸಿಗಾಲುವೆಯ ನೀರು ತಗ್ಗಿಗೆ ಹರಿದಂತೆ, ರಕ್ತದ ಆಮ್ಲಜನಕ ಹೊರಗೆ ಹರಿಯುತ್ತದೆ. ಅಂದರೆ ಅಲ್ಲಿ ಎಳೆದುಕೊಂಡ ಪ್ರತಿಯೊಂದು ಉಸಿರೂ ನಷ್ಟದ ವ್ಯಾಪಾರ. ಅಣ್ಣನಿಗಾಗಿ ಓಡಿಬಂದು ಏದುಸಿರು ಬಿಡುತ್ತಿರುವ ತಮ್ಮನ ಎದೆ ಈ ವ್ಯಾಪಾರವನ್ನು ಇನ್ನಷ್ಟು ವೇಗವಾಗಿ ಮಾಡುತ್ತದೆ. ಅವನು ಬಿಗಿಹಿಡಿದ ಉಸಿರು ತಳ ಮುಟ್ಟುವ ಮೊದಲೇ ಬಿಟ್ಟುಹೋಗಿರುತ್ತದೆ.

ಜನರಲ್ಲಿ ಮನುಷ್ಯತ್ವ ಸತ್ತಿದೆ, ಎಲ್ಲರೂ ನಿಂತು ನೋಡುವವರೇ ಎಂಬ ಗೊಣಗಾಟ ನನಗೆ ಸಾಕಾಗಿದೆ. ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್‌ಗಳ 219 ಬೀದಿ ಜಗಳಗಳ ಸಿಸಿಟಿವಿ ದೃಶ್ಯ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತರಲ್ಲಿ ಒಂಬತ್ತು ಕಡೆ ಯಾರಾದರೊಬ್ಬರು ನಡುವೆ ಬಂದಿದ್ದರು. ಬಾವಿಕಟ್ಟೆಯಲ್ಲಂತೂ ಕೊಲ್ಲುವುದೇ ಈ ಒಳ್ಳೆಯತನ. ಗುಂಡಿ, ತೊಟ್ಟಿಯಂಥ ಗಾಳಿಯಾಡದ ಇಕ್ಕಟ್ಟು ಜಾಗಗಳಲ್ಲಿ ಸತ್ತವರಲ್ಲಿ ಶೇ 60ಕ್ಕಿಂತ ಹೆಚ್ಚು ಮಂದಿ ಕಾಪಾಡಲು ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಅಗ್ನಿಶಾಮಕ ದಳದವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವುದು ಶೋಕಿಗಲ್ಲ. 112ಕ್ಕೆ ಫೋನ್ ಮಾಡಿ ಮೇಲೇ ನಿಂತವನನ್ನು ಹೇಡಿ ಎನ್ನಬೇಡಿ.

ಹೋದ ಏಪ್ರಿಲ್‌ನಲ್ಲಿ ನಮ್ಮ ಬಾವಿಗೆ ಕಂದೀಲು ಇಳಿಬಿಟ್ಟೆವು. ಐದು ಮಾರು ಹಗ್ಗದವರೆಗೆ ಉರಿದ ದೀಪ ಆರನೆಯ ಮಾರಿಗೆ ಕುಗ್ಗಿ, ಗಾಳಿಯ ಸುಳಿವೇ ಇಲ್ಲದೆ ಆರಿತು. ಸೊಪ್ಪಿನ ಕೊಂಬೆ ಕಟ್ಟಿ ಮೇಲೆ ಕೆಳಗೆ ಆಡಿಸಿದೆವು, ಕೊಡಗಟ್ಟಲೆ ನೀರು ಸುರಿದೆವು. ಮರುದಿನ ದೀಪ ತಳದವರೆಗೂ ಉರಿಯಿತು. ದೀಪವನ್ನೂ ಪೂರ್ತಿ ನಂಬುವಂತಿಲ್ಲ. ಬಾವಿಯೊಳಗೆ ಡೀಸೆಲ್ ಪಂಪು ಓಡಿಸಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅದಕ್ಕೆ ಗೊತ್ತಾಗುವುದೇ ಇಲ್ಲ. ಗೋಬರ್ ಗ್ಯಾಸ್ ಗುಂಡಿಗೆ ದೀಪ ಹಿಡಿದರೆ ಸ್ಫೋಟವೇ ಆದೀತು. ಹಾಗಾಗಿ ಇಳಿಯುವವನ ಎದೆಗೆ ಹಗ್ಗ ಬಿಗಿದೆವು. ‘ಎಮ್ಮೆ ಕಟ್ಟಿದ ಹಾಗೆ ಕಟ್ಟಿದಿರಲ್ಲ’ ಎಂದು ಅವನು ಗೊಣಗಿದ. ಇನ್ನೊಂದು ತುದಿ ರಾಟೆಯ ಮೇಲಿಂದ ಬಂದು ಅವನ ತಮ್ಮನ ಕೈಯಲ್ಲಿತ್ತು. ಮಧ್ಯಾಹ್ನದ ಊಟದವರೆಗೆ ತಮ್ಮ ಕಟ್ಟೆ ಬಿಟ್ಟು ಕದಲಲಿಲ್ಲ.