ಅಂಡ 20, ಮರಿ 8: ಹಂದಿಯ ಗಬ್ಬದ ಲೆಕ್ಕ ತಪ್ಪುವುದೆಲ್ಲಿ?

ದಾವಣಗೆರೆಯ ಹೊರವಲಯದ ಹಂದಿ ಶೆಡ್ಡೊಂದರ ಗೋಡೆಯ ಮೇಲೆ ಸೀಮೆಸುಣ್ಣದ ಲೆಕ್ಕವಿತ್ತು: ಗಂಡು ಬಿಟ್ಟ ದಿನ, ಅಲ್ಲಿಂದ 114 ದಿನ ಎಣಿಸಿ ಈಯುವ ದಿನ, ಹುಟ್ಟಿದ ಮರಿಗಳು. ಒಂದು ತಾಯಿಯ ಎದುರು ‘8, ಒಣಗಿದ್ದು 2’ ಎಂದಿತ್ತು. ಸೋಂಕು ತಗುಲಿತ್ತು ಎಂದರು ಮಾಲೀಕರು. ಇರಬಹುದು, ಪಾರ್ವೊವೈರಸ್ ಹೊಟ್ಟೆಯಲ್ಲೇ ಮರಿಗಳನ್ನು ಹಾಗೆ ಒಣಗಿಸುತ್ತದೆ. ಆದರೆ ಗೋಡೆಗೆ ಬರೆಯಲಾಗದ ನಷ್ಟ ಇದಕ್ಕಿಂತ ದೊಡ್ಡದು.

ಬೆದೆಗೆ ಬಂದ ಹಂದಿ ಸಾಮಾನ್ಯವಾಗಿ 15ರಿಂದ 25 ಅಂಡ ಬಿಡುತ್ತದೆ. ಬಹುಪಾಲು ಫಲಿಸುತ್ತವೆ. ಆದರೆ ಮೊದಲ ತಿಂಗಳಲ್ಲೇ ಶೇ 20ರಿಂದ 30ರಷ್ಟು ಭ್ರೂಣಗಳು ಸಾಯುತ್ತವೆ. ಸುಮಾರು 35 ದಿನದೊಳಗೆ ಸತ್ತರೆ ಮೂಳೆ ಬಲಿತಿರುವುದಿಲ್ಲ, ಗರ್ಭಕೋಶವೇ ಹೀರಿಕೊಂಡುಬಿಡುತ್ತದೆ. ಕಂದು ಹಾಕಿದರೆ, ಅಂದರೆ ಗರ್ಭಪಾತವಾದರೆ, ಕಣ್ಣಿಗಾದರೂ ಬೀಳುತ್ತದೆ, ಇದು ಬೀಳುವುದಿಲ್ಲ.

ಬಹಳ ಕಾಲ ಅನುಮಾನವೆಲ್ಲ ಗರ್ಭಕೋಶದ ಮೇಲೇ ಇತ್ತು. ಜಾಗ ಸಾಲದು, ಗಬ್ಬ ಉಳಿಸುವ ಹಾರ್ಮೋನು ಪ್ರೊಜೆಸ್ಟೆರಾನ್ ಸಾಲದು ಎಂಬ ಮಾತು. 1966ರಲ್ಲಿ ವಿಜ್ಞಾನಿ ಪೋಲ್ಜ್ ಮತ್ತು ಸಂಗಡಿಗರು ಭ್ರೂಣಗಳ ಸಂಖ್ಯೆಯೂ ಮುಖ್ಯವೆಂದು ತೋರಿಸಿದರು. ಸುಮಾರು 12ನೇ ದಿನ ಭ್ರೂಣಗಳು ಈಸ್ಟ್ರೋಜೆನ್ ಹಾರ್ಮೋನು ಸ್ರವಿಸಿ ತಮ್ಮ ಇರವನ್ನು ತಾಯಿಗೆ ತಿಳಿಸುತ್ತವೆ. ಆಗ ಕನಿಷ್ಠ ನಾಲ್ಕಾದರೂ ಇಲ್ಲದಿದ್ದರೆ ಗಬ್ಬ ನಿಲ್ಲುವುದು ಕಷ್ಟ.

ಮೇವಿಗೂ ಗಬ್ಬಕ್ಕೂ ನಂಟು ಕಟ್ಟುವ ಹಾರ್ಮೋನುಗಳಲ್ಲಿ ಇನ್ಸುಲಿನ್ ಕಥೆ ವಿಚಿತ್ರವಾಗಿದೆ. 1920ರ ದಶಕದಿಂದ ದಶಕಗಟ್ಟಲೆ ಸಕ್ಕರೆ ಕಾಯಿಲೆಯವರು ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್ ಚುಚ್ಚಿಸಿಕೊಂಡರು. ಅದೇ ಹಾರ್ಮೋನು ಹಂದಿಯ ಅಂಡಾಶಯದಲ್ಲಿ ಏನು ಮಾಡುತ್ತದೆಂಬುದು ತಡವಾಗಿ ಮುನ್ನೆಲೆಗೆ ಬಂತು. 1980ರ ದಶಕದ ಪ್ರಯೋಗಗಳಲ್ಲಿ ಇನ್ಸುಲಿನ್ ಕೊಟ್ಟ ಎಳೆ ಹಂದಿಗಳು ಹೆಚ್ಚು ಅಂಡ ಬಿಟ್ಟವು. 1994ರಲ್ಲಿ ಲೆಪ್ಟಿನ್ ಎಂಬ ಹಾರ್ಮೋನು ಪತ್ತೆಯಾಯಿತು. ಮೈಯಲ್ಲಿ ಎಷ್ಟು ಕೊಬ್ಬಿದೆಯೆಂಬ ಸುದ್ದಿಯನ್ನು ಅದು ಮಿದುಳಿಗೆ ಒಯ್ಯುತ್ತದೆ. ಯಕೃತ್ತಿನಿಂದ ಬರುವ, ಇನ್ಸುಲಿನ್ ಹೋಲುವ ಹಾರ್ಮೋನು ಐಜಿಎಫ್-1 ಸಹ ಈ ಸಾಲಿಗೆ ಸೇರಿತು. ಒಟ್ಟಿನಲ್ಲಿ, ಮೇವಿನ ತೊಟ್ಟಿಯ ಸುದ್ದಿ ಗರ್ಭಕೋಶವನ್ನು ಮುಟ್ಟುತ್ತದೆ.

ನನಗೆ ಕಾಡುವುದು ಹಾಲೂಡಿಸುವ ದಿನಗಳು. ಮರಿಗಳಿಗೆ ಹಾಲು ಕೊಡುತ್ತಾ ತಾಯಿ ಸೊರಗಿದರೆ ಇನ್ಸುಲಿನ್, ಐಜಿಎಫ್-1, ಲೆಪ್ಟಿನ್ ಮೂರೂ ಇಳಿಯುತ್ತವೆ. ಮುಂದಿನ ಬೆದೆಯ ಅಂಡಗಳು ಬೆಳೆಯುವುದೂ ಅದೇ ಹೊತ್ತಿನಲ್ಲಿ. ಅಂದರೆ ಈಗ ಕಾಣುವ ಎಂಟೇ ಮರಿಗಳ ಬೇರು ಹಿಂದಿನ ಸೂಲಿನಲ್ಲಿರಬಹುದು. ದಾವಣಗೆರೆಯ ಏಪ್ರಿಲ್ ಸೆಕೆಯಲ್ಲಿ ತಾಯಿ ಮೇವು ಮುಟ್ಟದೆ ಏದುಸಿರು ಬಿಡುತ್ತದೆ. ತೊಟ್ಟಿಯಲ್ಲಿ ಮೆಕ್ಕೆಜೋಳದ ನುಚ್ಚು ಹುಳಿಯುತ್ತದೆ. ಹಾಗೆಂದು ಗಂಡು ಬಿಟ್ಟ ಕೂಡಲೇ ಎಳೆ ಹಂದಿಗೆ ಹೊಟ್ಟೆ ಬಿರಿಯ ತಿನ್ನಿಸುವುದೂ ಜಾಣತನವಲ್ಲ. ಯಕೃತ್ತಿಗೆ ರಕ್ತ ಹೆಚ್ಚು ಹರಿದು ಗಬ್ಬ ಕಾಯುವ ಪ್ರೊಜೆಸ್ಟೆರಾನ್ ಬೇಗ ಕರಗುತ್ತದೆಂದು ಹಲವು ಪ್ರಯೋಗಗಳು ಹೇಳಿವೆ.

ಹಾಲೂಡಿಸುವಾಗ ತಾಯಿ ದಿನಕ್ಕೆಷ್ಟು ತಿಂದಿತೆಂದು ಎಲ್ಲಿ ಬರೆದಿದ್ದೀರಿ ಎಂದು ಕೇಳಿದೆ. ಮಾಲೀಕರು ಗೋಡೆಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, “ಜಾಗವೆಲ್ಲಿದೆ ಸರ್?” ಎಂದರು.