ಯಾವ ಕೆಲಸ ಬಿಟ್ಟಿದ್ದೀರಿ? ರುಮ್ಯಾಟಿಕ್ ಹೃದ್ರೋಗ ಕೊಡುವ ಸೂಚನೆಗಳು

ರುಮ್ಯಾಟಿಕ್ ಹೃದ್ರೋಗದಿಂದ ಹೃದಯದ ಕವಾಟ, ಅಂದರೆ ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲು, ಕಿರಿದಾಗಿರುವ ಹೆಣ್ಣುಮಕ್ಕಳು ಆಸ್ಪತ್ರೆಗೆ ಬಂದಾಗ ದಮ್ಮು ಕಟ್ಟುತ್ತದೆ ಎಂದು ತಾವಾಗಿ ಹೇಳುವುದು ಕಡಿಮೆ. "ಸ್ವಲ್ಪ ಸುಸ್ತು ಡಾಕ್ಟರೇ" ಎನ್ನುತ್ತಾರೆ. ಜೊತೆಗೆ ಬಂದ ಅತ್ತೆಯೋ ಗಂಡನೋ "ರಕ್ತ ಕಡಿಮೆ ಇದೆಯಂತೆ, ಒಂದು ಟಾನಿಕ್ ಬರೆದುಕೊಡಿ" ಎಂದು ಸೇರಿಸುತ್ತಾರೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ ಎಂದು ಕೇಳಿದರೆ ಇಲ್ಲ ಎಂಬ ಉತ್ತರ. ಅದು ಸುಳ್ಳಲ್ಲ. ಮೆಟ್ಟಿಲು ಹತ್ತುವುದನ್ನೇ ಅವರು ಬಿಟ್ಟು ಎಷ್ಟೋ ತಿಂಗಳಾಗಿರುತ್ತದೆ. ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬಲಿಯುತ್ತದೆ, ಶಕ್ತಿ ಕುಂದಿದಷ್ಟೂ ಕೆಲಸವನ್ನು ಕಡಿಮೆ ಮಾಡಿಕೊಳ್ಳುತ್ತಾ ಬರುತ್ತಾರೆ, ಹಾಗಾಗಿ ತೊಂದರೆ ಅವರ ಕಣ್ಣಿಗೇ ಬೀಳುವುದಿಲ್ಲ. ಅದಕ್ಕಾಗಿ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಹೋದ ವರ್ಷ ನೀವು ಮಾಡುತ್ತಿದ್ದ ಯಾವ ಕೆಲಸವನ್ನು ಈ ವರ್ಷ ಮನೆಯಲ್ಲಿ ಬೇರೆಯವರು ಮಾಡುತ್ತಿದ್ದಾರೆ?

ಆಗ ಮಾತು ಹೊರಬರುತ್ತದೆ. ಬೋರ್‌ವೆಲ್‌ನಿಂದ ನೀರಿನ ಕೊಡ ಈಗ ಮಗಳು ತರುತ್ತಾಳೆ. ಹಾಸನ, ಮಂಡ್ಯದ ಕಡೆಯವರಾದರೆ ಮುದ್ದೆ ತಿರುವುವುದನ್ನು ಅತ್ತೆಗೆ ಬಿಟ್ಟಿದ್ದಾರೆ. ಕಲಬುರಗಿ ಕಡೆಯವರಾದರೆ ನಾಲ್ಕು ರೊಟ್ಟಿ ಬಡಿದು ಗೋಡೆಗೆ ಒರಗಿ ಕೂರಬೇಕು. ಜಾತ್ರೆಗೆ ಹೋದರೂ ಬೆಟ್ಟ ಹತ್ತದೆ ಕೆಳಗೆ ಚಪ್ಪಲಿ ಕಾಯುತ್ತಾ ಕೂತಿದ್ದಾರೆ. ಇವು ನನಗೆ ಇಸಿಜಿಯಷ್ಟೇ ಬೆಲೆಯುಳ್ಳ ಮಾಹಿತಿ.

ಮೂವತ್ತರ ಆಸುಪಾಸಿನ ಒಬ್ಬ ತಾಯಿ ಆಸ್ತಮಾ ಎಂದು ಎರಡು ವರ್ಷದಿಂದ ಇನ್‌ಹೇಲರ್ ಎಳೆಯುತ್ತಿದ್ದರು. ರಾತ್ರಿ ಎಷ್ಟು ದಿಂಬು ಇಟ್ಟುಕೊಳ್ಳುತ್ತೀರಿ ಎಂದು ಕೇಳುವುದು ನಮಗೆ ಪಠ್ಯಪುಸ್ತಕ ಕಲಿಸಿದ ಪಾಠ. ಚಾಪೆಯ ಮೇಲೆ ಮಡಚಿದ ಸೀರೆಯನ್ನು ತಲೆಗಿಟ್ಟು ಮಲಗುವವರಿಗೆ ಆ ಪ್ರಶ್ನೆ ಅರ್ಥವಾಗುವುದಿಲ್ಲ. ಆ ಹೆಣ್ಣುಮಗಳ ತಾಯಿ ಬಾಯಿ ಹಾಕಿದರು: "ಮಲಗಿದ ಸ್ವಲ್ಪ ಹೊತ್ತಿಗೆ ಎದ್ದು ಹೊಸ್ತಿಲ ಮೇಲೆ ಹೋಗಿ ಕೂರುತ್ತಾಳೆ ಸಾರ್. ಕೇಳಿದರೆ ಸೆಕೆ ಎನ್ನುತ್ತಾಳೆ." ಆಗ ಡಿಸೆಂಬರ್ ತಿಂಗಳು. ಮಲಗಿದಾಗ ಕಾಲಿನ ಕಡೆಯಿಂದ ರಕ್ತ ಎದೆಗೆ ಮರಳುತ್ತದೆ. ಕಿರಿದಾದ ಕವಾಟ ಅಷ್ಟನ್ನು ಮುಂದೆ ಬಿಡಲಾರದೆ ಅದು ಶ್ವಾಸಕೋಶದಲ್ಲಿ ನಿಲ್ಲುತ್ತದೆ, ಉಸಿರು ಕಟ್ಟಿ ಎಚ್ಚರವಾಗುತ್ತದೆ, ಎದ್ದು ಕೂತರೆ ಹಗುರವಾಗುತ್ತದೆ. ಜೊತೆಗೆ ಎದೆಯಲ್ಲಿ ಸುಯ್ ಎಂಬ ಸದ್ದೂ ಇರುವುದರಿಂದ ಆಸ್ತಮಾ ಎಂದುಕೊಳ್ಳುವುದು ಸುಲಭ. ಅವರನ್ನು ಎಡಮಗ್ಗುಲಿಗೆ ಮಲಗಿಸಿ, ಸ್ಟೆತಸ್ಕೋಪಿನ ಚಿಕ್ಕ ಬಟ್ಟಲಿನಂಥ ಭಾಗವನ್ನು ಎದೆಯ ತುದಿಯ ಬಡಿತದ ಮೇಲೆ ಮೆಲ್ಲಗೆ ಇಟ್ಟು ಕೇಳಿದೆ. ಮೊದಲ ಸದ್ದು ಜೋರು, ಎರಡನೆಯದರ ಹಿಂದೆಯೇ ಒಂದು ಚಿಟಿಕೆಯ ಸದ್ದು, ಆಮೇಲೆ ತಗ್ಗಿದ ಗುಡುಗುಡು. ಕೂರಿಸಿ ಅವಸರದಲ್ಲಿ ಕೇಳಿದರೆ ಈ ಗುಡುಗುಡು ತಪ್ಪಿಹೋಗುತ್ತದೆ. ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ, ಹೃದಯದ ಎಡ ಮೇಲ್ಕೋಣೆಗೂ ಕೆಳಕೋಣೆಗೂ ನಡುವಿನ ಮೈಟ್ರಲ್ ಕವಾಟದ ದಾರಿ 1 ಚದರ ಸೆಂಟಿಮೀಟರಿಗಿಂತ ಕಡಿಮೆ ಇತ್ತು. ಆರೋಗ್ಯವಂತರಲ್ಲಿ ಅದು 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. 1.5ಕ್ಕೆ ಇಳಿದರೆ ತೀವ್ರ ಎನ್ನುತ್ತೇವೆ.

ಈ ಕಾಯಿಲೆಯ ಮೂಲ ಬಾಲ್ಯದ ಗಂಟಲು ನೋವಿನಲ್ಲಿದೆ. ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ 5ರಿಂದ 15 ವರ್ಷದ ಮಕ್ಕಳ ಗಂಟಲಿಗೆ ಬರುತ್ತದೆ, ಕೆಲವು ದಿನಗಳಲ್ಲಿ ನೋವು ಇಳಿಯುತ್ತದೆ, ಮನೆಯವರು ಮರೆಯುತ್ತಾರೆ. ಎರಡು ಮೂರು ವಾರ ಕಳೆದ ಮೇಲೆ ಕೆಲವು ಮಕ್ಕಳಲ್ಲಿ, ಬ್ಯಾಕ್ಟೀರಿಯಾವನ್ನು ಕೊಲ್ಲಲು ಸಿದ್ಧವಾದ ರೋಗನಿರೋಧಕ ವ್ಯವಸ್ಥೆ ತಮ್ಮದೇ ದೇಹದ ಮೇಲೆ ಎರಗುತ್ತದೆ. ಆ ಬ್ಯಾಕ್ಟೀರಿಯಾದ ಮೈಮೇಲಿನ ಪ್ರೋಟೀನಿಗೂ ಹೃದಯದ ಕೆಲವು ಪ್ರೋಟೀನುಗಳಿಗೂ ಹೋಲಿಕೆ ಇರುವುದು ಅದಕ್ಕೆ ಕಾರಣ. ಇದೇ ರುಮ್ಯಾಟಿಕ್ ಜ್ವರ. ಕೀಲು, ಮೆದುಳು, ಚರ್ಮ ಎಲ್ಲವೂ ತೊಂದರೆಗೊಳಗಾಗಿ ಚೇತರಿಸಿಕೊಳ್ಳುತ್ತವೆ. ಕವಾಟ ಮಾತ್ರ ಹಲವರಲ್ಲಿ ಚೇತರಿಸಿಕೊಳ್ಳುವುದಿಲ್ಲ. ಪ್ರತಿ ಬಾರಿ ಜ್ವರ ಮರುಕಳಿಸಿದಾಗಲೂ ಅದರ ಎಸಳುಗಳು ಇನ್ನಷ್ಟು ದಪ್ಪವಾಗಿ, ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಮಗುವಿನ ವಯಸ್ಸಿನಲ್ಲೇ ಇದನ್ನು ಹಿಡಿಯಲು ಎರಡು ದೊಡ್ಡ ಅವಕಾಶಗಳು ಸಿಗುತ್ತವೆ. ಒಂದು ಕೀಲು ನೋವು. ಮೊಣಕಾಲು, ಹರಡು, ಮೊಣಕೈ, ಮಣಿಕಟ್ಟಿನಂಥ ದೊಡ್ಡ ಕೀಲುಗಳು ಬಾತುಕೊಂಡು ಮುಟ್ಟಿದರೆ ಮಗು ಚೀರುತ್ತದೆ. ಒಂದು ಕೀಲು ಇಳಿಯುವಷ್ಟರಲ್ಲಿ ಇನ್ನೊಂದು ಶುರುವಾಗುತ್ತದೆ. ಔಷಧಿ ಅಂಗಡಿಯಿಂದ ತಂದ ಎರಡು ನೋವಿನ ಮಾತ್ರೆಗೆ ಅದ್ಭುತವಾಗಿ ಇಳಿದುಬಿಡುತ್ತದೆ, ಅಲ್ಲಿಗೆ ವಿಚಾರಣೆ ನಿಂತುಹೋಗುತ್ತದೆ. ನೋವು ಮಾತ್ರೆಗೆ ಇಳಿಯಿತು ಎಂಬುದು ಸಮಾಧಾನಕ್ಕೆ ಕಾರಣವಲ್ಲ, ಈ ಕಾಯಿಲೆಯ ಲಕ್ಷಣವೇ ಅದು. ಜ್ವರದ ಜೊತೆ ಕೀಲು ಬಾತ ಮಗುವಿಗೆ ಮಾತ್ರೆಗಿಂತ ಮೊದಲು ಹೃದಯದ ಪರೀಕ್ಷೆ ಆಗಬೇಕು.

ಇನ್ನೊಂದು ಕೊರಿಯಾ, ಅಂದರೆ ಕೈಕಾಲು ಹಿಡಿತ ತಪ್ಪಿ ತಮ್ಮಷ್ಟಕ್ಕೆ ಆಡುವ ತೊಂದರೆ, ಇದು ಹೆಣ್ಣುಮಕ್ಕಳಲ್ಲಿ ಹೆಚ್ಚು. ಗಂಟಲು ನೋವು ಬಂದು ಹೋಗಿ ತಿಂಗಳುಗಳೇ ಕಳೆದ ಮೇಲೆ ಕಾಣಿಸುವುದರಿಂದ ಎರಡಕ್ಕೂ ಯಾರೂ ಸಂಬಂಧ ಕಲ್ಪಿಸುವುದಿಲ್ಲ. ದುಂಡಗೆ ಬರೆಯುತ್ತಿದ್ದ ಹುಡುಗಿಯ ಅಕ್ಷರ ಕೆಡುತ್ತದೆ. ಲೋಟ ಕೈಜಾರಿ ಬೀಳುತ್ತದೆ. ಕೈ, ಭುಜ, ಮುಖ ತಮ್ಮಷ್ಟಕ್ಕೆ ಮಿಸುಕುತ್ತವೆ, ಕಾರಣವಿಲ್ಲದೆ ಅಳು ಬರುತ್ತದೆ. ಶಾಲೆಯಲ್ಲಿ ಮೇಷ್ಟ್ರು ಗದರಿಸುತ್ತಾರೆ, ಮನೆಯಲ್ಲಿ ಹಟ ಎನ್ನುತ್ತಾರೆ, ಕೆಲವರು ಗಾಳಿ ಸೋಂಕು ಎಂದು ತಾಯಿತ ಕಟ್ಟಿಸುತ್ತಾರೆ. ಪರೀಕ್ಷಿಸುವುದು ಕಷ್ಟವಲ್ಲ. ನನ್ನ ಎರಡು ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಳ್ಳಲು ಹೇಳುತ್ತೇನೆ: ಹಿಡಿತ ಒಂದೇ ಸಮನೆ ಇರದೆ ಬಿಗಿಯುತ್ತಾ ಸಡಿಲುತ್ತಾ ಇರುತ್ತದೆ. ನಾಲಿಗೆ ಚಾಚಿ ಹತ್ತು ಎಣಿಸುವವರೆಗೆ ಇಡು ಎಂದರೆ ಇಡಲಾಗದೆ ಒಳಗೆಳೆದುಕೊಳ್ಳುತ್ತಾಳೆ. ನಿದ್ದೆಯಲ್ಲಿ ಈ ಚಲನೆ ನಿಲ್ಲುತ್ತದೆ. ಶಿಕ್ಷಕರು ಇದೊಂದನ್ನು ತಿಳಿದುಕೊಂಡರೆ ಎಷ್ಟೋ ಮಕ್ಕಳ ಕವಾಟ ಉಳಿದೀತು ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.

ಹಾಗೆಂದು ಬಾಲ್ಯದ ಜ್ವರದ ಕಥೆ ಇರಲೇಬೇಕೆಂದಿಲ್ಲ. ಕವಾಟ ಹಾಳಾದ ಮೇಲೆ ಬರುವವರಲ್ಲಿ ಬಹಳ ಮಂದಿಗೆ ಅಂಥ ಯಾವ ನೆನಪೂ ಇರುವುದಿಲ್ಲ. ವಯಸ್ಸು ಚಿಕ್ಕದು ಎಂದು ಬಿಡುವಂತೆಯೂ ಇಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಜ್ವರ ಬಂದು ಎರಡು ಮೂರು ದಶಕವಾದ ಮೇಲೆ ಕವಾಟ ಕಿರಿದಾಗುತ್ತಿತ್ತು. ನಮ್ಮಲ್ಲಿ ಇಪ್ಪತ್ತು ತುಂಬುವ ಮೊದಲೇ ತೀರಾ ಕಿರಿದಾಗುತ್ತದೆ ಎಂಬುದನ್ನು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು 1963ರಲ್ಲೇ ಬರೆದಿದ್ದಾರೆ. ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗುವ ಮನೆಗಳಲ್ಲಿ, ಹಾಸ್ಟೆಲುಗಳಲ್ಲಿ ಸೋಂಕು ಮತ್ತೆ ಮತ್ತೆ ತಗಲುವುದು ಇದಕ್ಕೆ ಒಂದು ಮುಖ್ಯ ಕಾರಣ.

ದೊಡ್ಡವರಲ್ಲಿ ದಮ್ಮಿನ ನಂತರ ನಾನು ಗಂಭೀರವಾಗಿ ನೋಡುವುದು ಕೆಮ್ಮಿನಲ್ಲಿ ಬರುವ ರಕ್ತವನ್ನು. ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಏರಿದಾಗ ಚಿಕ್ಕ ನಾಳಗಳು ಒಡೆಯುತ್ತವೆ. ನಮ್ಮ ದೇಶದಲ್ಲಿ ಕೆಮ್ಮು ಮತ್ತು ರಕ್ತ ಎಂದರೆ ಎಲ್ಲರ ಮನಸ್ಸಿಗೆ ಬರುವುದು ಕ್ಷಯ. ಅದನ್ನು ಪರೀಕ್ಷಿಸುವುದು ಸರಿಯೇ. ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ ಕ್ಷಯದ ಮಾತ್ರೆ ಶುರುಮಾಡಿ ಆರು ತಿಂಗಳು ಕಳೆಯುವುದು ಸರಿಯಲ್ಲ. ಕ್ಷಯಕ್ಕೆಂದು ತೆಗೆದ ಎಕ್ಸ್‌ರೇಯಲ್ಲೇ ಹೃದಯದ ಎಡ ಮೇಲ್ಕೋಣೆ ಉಬ್ಬಿರುವುದು ಅನೇಕ ಬಾರಿ ಕಾಣುತ್ತಿರುತ್ತದೆ. ಅಪರೂಪಕ್ಕೆ ಕೆಲವರ ಧ್ವನಿ ಗೊಗ್ಗರಾಗುತ್ತದೆ, ಧ್ವನಿಪೆಟ್ಟಿಗೆಗೆ ಹೋಗುವ ನರ ಒಳಗೆ ಒತ್ತಿಹೋಗಿರುತ್ತದೆ.

ಬಸುರಿಯರ ವಿಷಯದಲ್ಲಿ ನನ್ನ ಆತಂಕ ಎಲ್ಲಕ್ಕಿಂತ ಹೆಚ್ಚು. ಗರ್ಭಿಣಿಯಲ್ಲಿ ರಕ್ತದ ದ್ರವಾಂಶ ಶೇ 40ರಿಂದ 50ರಷ್ಟು ಹೆಚ್ಚುತ್ತದೆ, ಬಡಿತವೂ ಏರುತ್ತದೆ. ಬಡಿತ ಏರಿದಷ್ಟೂ ಎರಡು ಬಡಿತದ ನಡುವೆ ಕವಾಟದ ಮೂಲಕ ರಕ್ತ ಇಳಿಯಲು ಸಿಗುವ ಸಮಯ ಕಡಿಮೆ. ಅಲ್ಲಿಯವರೆಗೆ ಯಾವ ತೊಂದರೆಯೂ ಇಲ್ಲದವಳು ಐದು ಆರನೆಯ ತಿಂಗಳಿಗೆ ದಮ್ಮು, ರಾತ್ರಿ ಕೆಮ್ಮು, ಎದೆ ಹೊಡೆದುಕೊಳ್ಳುವುದು ಎಂದು ಬರುತ್ತಾಳೆ. ಬಸುರಿಯಾದರೆ ಸುಸ್ತು ಸಹಜ, ಕಾಲು ಬಾಯುವುದು ಸಹಜ ಎಂದು ಅವಳನ್ನು ಮನೆಗೆ ಕಳಿಸುತ್ತಾರೆ. ಸಹಜವಾದ ಸುಸ್ತಿನಲ್ಲಿ ಮಲಗಿದರೆ ಕೆಮ್ಮು ಬಂದು ಎದ್ದು ಕೂರುವಂತಾಗುವುದಿಲ್ಲ, ಕಫದಲ್ಲಿ ರಕ್ತ ಬರುವುದಿಲ್ಲ, ಕೂತಲ್ಲೇ ಬಡಿತ 120 ದಾಟುವುದಿಲ್ಲ. ಹಿಮೋಗ್ಲೋಬಿನ್ ಕಡಿಮೆ ಇದೆ ಎಂದು ಯೋಚಿಸದೆ ಡ್ರಿಪ್ ಅಥವಾ ರಕ್ತ ಏರಿಸಿದರೆ ಅಂಥವಳ ಶ್ವಾಸಕೋಶ ಅದೇ ದಿನ ನೀರು ತುಂಬಿಕೊಳ್ಳಬಹುದು. ಹೆರಿಗೆಯ ಹೊತ್ತು, ಹೆರಿಗೆಯಾದ ಮೊದಲ ಎರಡು ದಿನ ಅಪಾಯ ಇನ್ನೂ ಹೆಚ್ಚು. ಮೊದಲ ತಪಾಸಣೆಯಲ್ಲಿ ತಾಯಿ ಕಾರ್ಡ್ ತುಂಬುವಾಗ ಎಲ್ಲರ ಎದೆಗೂ ಒಮ್ಮೆ ಸ್ಟೆತಸ್ಕೋಪ್ ಇಡಬೇಕು, ಅನುಮಾನ ಬಂದವರಿಗೆ ಎಕೋ ಮಾಡಿಸಬೇಕು. ಎಕೋದಿಂದ ಮಗುವಿಗೆ ಏನೂ ತೊಂದರೆಯಿಲ್ಲ. ಔಷಧಿಗೆ ಹತೋಟಿಗೆ ಬಾರದಿದ್ದರೆ ಬಸುರಿನಲ್ಲೇ, ಐದನೆಯ ತಿಂಗಳ ನಂತರ, ಹೊಟ್ಟೆಗೆ ಸೀಸದ ಹೊದಿಕೆ ಹಾಕಿ, ರಕ್ತನಾಳದ ಮೂಲಕ ಕಳಿಸಿದ ಬಲೂನಿನಿಂದ ಕವಾಟ ಬಿಡಿಸಬಹುದು. ಇದನ್ನು ಕೇಳಿ ಗಾಬರಿಯಾಗುವ ಮನೆಯವರಿಗೆ, ಕಿರಿದಾದ ಕವಾಟದೊಂದಿಗೇ ಹೆರಿಗೆಗೆ ಹೋಗುವುದು ಎಷ್ಟು ಅಪಾಯ ಎಂದು ಕೂರಿಸಿ ವಿವರಿಸುತ್ತೇನೆ.

ಎದೆ ಡವಡವ ಎನ್ನುವುದಕ್ಕೂ ಕಿವಿ ಕೊಡಬೇಕು. ಉಬ್ಬಿದ ಮೇಲ್ಕೋಣೆ ತಾಳ ತಪ್ಪಿ ಅದುರತೊಡಗಿದರೆ ನಾಡಿ ಒಂದು ಜೋರು, ಒಂದು ಮೆಲ್ಲಗೆ, ಒಂದು ಬೇಗ, ಒಂದು ತಡವಾಗಿ ಸಿಗುತ್ತದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಒಂದು ನಿಮಿಷ ಎಣಿಸಿದರೆ ಮನೆಯವರಿಗೂ ಇದು ಗೊತ್ತಾಗುತ್ತದೆ. ಈ ಹಂತದಲ್ಲಿ ಮೇಲ್ಕೋಣೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಚಿಮ್ಮಿ ಮೆದುಳಿಗೆ ಹೋದರೆ ಲಕ್ವ, ಕಾಲಿನ ನಾಳಕ್ಕೆ ಹೋದರೆ ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಸಹಿಸಲಾರದ ನೋವು. ಮೂವತ್ತೈದರೊಳಗೆ ಲಕ್ವ ಹೊಡೆದವರ ಹೃದಯವನ್ನು ನೋಡದೆ ಬಿಡಲೇಬಾರದು. ಬಾಯಿ ಸೊಟ್ಟಗಾಗಿ ಮಾತು ತೊದಲಿದ ಕೂಡಲೇ ದೊಡ್ಡಾಸ್ಪತ್ರೆಗೆ ಹೊರಡಬೇಕು, ಎಣ್ಣೆ ತಿಕ್ಕಿಸಲು ಹೋದರೆ ಚಿಕಿತ್ಸೆಯ ಗಂಟೆಗಳು ಕಳೆದುಹೋಗುತ್ತವೆ.

ಕವಾಟ ಕಿರಿದಾಗದೆ ಸೋರುತ್ತಿದ್ದರೆ ಹೃದಯ ಅದನ್ನು ಬಹಳ ವರ್ಷ ತಾಳಿಕೊಳ್ಳುತ್ತದೆ, ಅಷ್ಟರಲ್ಲಿ ಮಾಂಸಖಂಡ ಸೋತಿರುತ್ತದೆ. ಹೃದಯದಿಂದ ದೇಹಕ್ಕೆ ರಕ್ತ ಹೊರಡುವ ಬಾಯಿಯಲ್ಲಿರುವ ಅಯೋರ್ಟಿಕ್ ಕವಾಟ ಸೋರುವವರು ಎಡಮಗ್ಗುಲಿಗೆ ಮಲಗಿದರೆ ಎದೆ ಹಾಸಿಗೆಗೆ ಬಡಿಯುತ್ತದೆ ಎನ್ನುತ್ತಾರೆ, ಕುತ್ತಿಗೆಯ ನಾಳ ಕುಣಿಯುವುದು ಎದುರು ಕೂತವರಿಗೂ ಕಾಣುತ್ತದೆ. ಅದೇ ಕವಾಟ ಕಿರಿದಾದರೆ ಶ್ರಮದ ಕೆಲಸದಲ್ಲಿ ತಲೆ ಸುತ್ತಿ ಬೀಳುವುದು, ಎದೆ ಹಿಂಡುವುದು. ಕಾಲು ಬಾವು, ಹೊಟ್ಟೆ ಉಬ್ಬರ, ಬಲ ಪಕ್ಕೆಯ ಕೆಳಗೆ ನೋವು ಇವೆಲ್ಲ ತಡವಾಗಿ ಬರುವ ಲಕ್ಷಣಗಳು. ಕವಾಟದ ಕಾಯಿಲೆ ಇದೆ ಎಂದು ಗೊತ್ತಿರುವವರಿಗೆ ವಾರ ಕಳೆದರೂ ಬಿಡದ ಜ್ವರ ಬಂದರೆ ಕವಾಟಕ್ಕೇ ಸೋಂಕು ತಗುಲಿರಬಹುದು. ಆಗ ಆಂಟಿಬಯೋಟಿಕ್ ನುಂಗುವ ಮೊದಲು ರಕ್ತದ ಕಲ್ಚರ್ ಪರೀಕ್ಷೆಗೆ ಕೊಡಬೇಕು.

ಒಂದು ತಪ್ಪು ತಿಳಿವಳಿಕೆಯ ಬಗ್ಗೆ ಇಲ್ಲಿ ಹೇಳಲೇಬೇಕು. ಮೈಕೈ ನೋವು ಎಂದು ಹೋದ ಮಗುವಿನ ಎಎಸ್ಒ ರಕ್ತಪರೀಕ್ಷೆ ಹೆಚ್ಚು ಬಂದಿದೆ ಎಂಬ ಒಂದೇ ಕಾರಣಕ್ಕೆ ರುಮ್ಯಾಟಿಕ್ ಜ್ವರ ಮರುಕಳಿಸದಂತೆ ಕೊಡುವ ಪೆನಿಸಿಲಿನ್ ಇಂಜೆಕ್ಷನ್ನನ್ನು ವರ್ಷಗಟ್ಟಲೆ ಚುಚ್ಚಿಸಿಕೊಂಡವರು ಬರುತ್ತಾರೆ. ಆ ಪರೀಕ್ಷೆ ಹೇಳುವುದು ಸ್ಟ್ರೆಪ್ಟೊಕಾಕಸ್ ಇತ್ತೀಚೆಗೆ ಬಂದು ಹೋಗಿದೆ ಎಂದಷ್ಟೆ. ಶಾಲೆಗೆ ಹೋಗುವ ಆರೋಗ್ಯವಂತ ಮಕ್ಕಳಲ್ಲೂ ಅದು ಹೆಚ್ಚಿರಬಹುದು. ಇತ್ತ ನಿಜವಾಗಿ ಕಾಯಿಲೆ ಇರುವ ಮಕ್ಕಳಿಗೆ ಅದೇ ಪೆನಿಸಿಲಿನ್ ಕೊಡಲು ಅಲರ್ಜಿಯ ಹೆದರಿಕೆಯಿಂದ ಎಷ್ಟೋ ಕಡೆ ಹಿಂದೇಟು ಹಾಕುತ್ತಾರೆ. ತೀವ್ರ ಅಲರ್ಜಿ ಬಹಳ ಅಪರೂಪ, ಅದನ್ನು ನಿಭಾಯಿಸುವ ಔಷಧಿ ಪಕ್ಕದಲ್ಲಿಟ್ಟುಕೊಂಡು ಕೊಡಬಹುದು. ಬೆಂಜಥಿನ್ ಪೆನಿಸಿಲಿನ್ 12 ಲಕ್ಷ ಯೂನಿಟ್, ತೂಕ 27 ಕಿಲೋಗಿಂತ ಕಡಿಮೆ ಇರುವ ಮಕ್ಕಳಿಗೆ 6 ಲಕ್ಷ, 21 ದಿನಕ್ಕೊಮ್ಮೆ. ಉಗಾಂಡಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಕ್ಷಣಗಳೇ ಇಲ್ಲದೆ ಎಕೋದಲ್ಲಿ ಮಾತ್ರ ಕಾಣುವಷ್ಟು ಚಿಕ್ಕ ತೊಂದರೆ ಇದ್ದ ಮಕ್ಕಳಿಗೆ ಎರಡು ವರ್ಷ ಪೆನಿಸಿಲಿನ್ ಕೊಟ್ಟಾಗ ಕಾಯಿಲೆ ಮುಂದುವರಿದದ್ದು ಶೇ 0.8 ಮಕ್ಕಳಲ್ಲಿ, ಕೊಡದಿದ್ದಾಗ ಶೇ 8.2 ಮಕ್ಕಳಲ್ಲಿ. ಇಷ್ಟು ಅಗ್ಗದ ಔಷಧಿಯಿಂದ ಇಷ್ಟು ದೊಡ್ಡ ವ್ಯತ್ಯಾಸ ಹೃದ್ರೋಗ ಚಿಕಿತ್ಸೆಯಲ್ಲಿ ಹೆಚ್ಚು ಕಡೆ ಸಿಗುವುದಿಲ್ಲ.

ಕಿರಿದಾದ ಮೈಟ್ರಲ್ ಕವಾಟವನ್ನು ಬಲೂನಿನಿಂದ ಬಿಡಿಸುವ ವಿಧಾನವನ್ನು ಜಪಾನಿನ ಕಾಂಜಿ ಇನೋವೆ 1980ರ ದಶಕದಲ್ಲಿ ರೂಪಿಸಿದರು. ಎದೆ ಕೊಯ್ಯದೆ ತೊಡೆಯ ಸಂದಿನ ನಾಳದಿಂದ ಮಾಡುವ ಈ ಚಿಕಿತ್ಸೆಯಲ್ಲಿ ಬೆಂಗಳೂರಿನ ಜಯದೇವ ಸಂಸ್ಥೆಗೆ ಅಪಾರ ಅನುಭವವಿದೆ, ಮೈಸೂರು ಮತ್ತು ಕಲಬುರಗಿಯಲ್ಲೂ ಅದರ ಆಸ್ಪತ್ರೆಗಳಿವೆ. ಬಲೂನ್ ಮಾಡಿಸಿಕೊಂಡವರು ಒಂದೆರಡು ದಿನದಲ್ಲೇ ಮಟ್ಟಸ ಮಲಗಿ ನಿದ್ದೆ ಮಾಡುತ್ತಾರೆ, ವಾರದಲ್ಲಿ ಊರಿನಲ್ಲಿ ಓಡಾಡುತ್ತಾರೆ, ಹಾಗಾಗಿ ಪೂರ್ತಿ ಗುಣವಾಯಿತು ಎಂದುಕೊಂಡು ಪೆನಿಸಿಲಿನ್ ಇಂಜೆಕ್ಷನ್ ನಿಲ್ಲಿಸುತ್ತಾರೆ. ಬಿಡಿಸಿದ ಕವಾಟ ವರ್ಷಗಳು ಕಳೆದಂತೆ ಮತ್ತೆ ಕಿರಿದಾಗಬಹುದು. ಇಂಜೆಕ್ಷನ್ ಯಾವ ವಯಸ್ಸಿನವರೆಗೆ ಎಂಬುದನ್ನು ನೋಡುತ್ತಿರುವ ವೈದ್ಯರೇ ಹೇಳಬೇಕು, ಕವಾಟ ಕೆಟ್ಟವರಿಗೆ ಅದು ಕನಿಷ್ಠ 40ರವರೆಗೆ ಬೇಕಾಗುವುದೇ ಹೆಚ್ಚು. ಹಳೆಯ ಎಕೋ ವರದಿಗಳನ್ನೂ ಇಂಜೆಕ್ಷನ್ ತಾರೀಖು ಬರೆದ ಪುಸ್ತಕವನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡು, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಎಕೋ ಮಾಡಿಸಬೇಕು. ಆ ಕೊಡವನ್ನು ಮಗಳೇ ಮತ್ತೆ ಹೊರತೊಡಗಿದ್ದಾಳೆ ಎಂದಾದರೆ ವರ್ಷ ತುಂಬಲು ಕಾಯದೆ ಬರಬೇಕು.