ಟಿಡಿಪಿ: ನಡುವಿನ ಅಕ್ಷರವನ್ನು ಯಾರೂ ಓದುವುದಿಲ್ಲ

ಡೆಸ್ಕ್‌ಟಾಪ್ ಕಂಪ್ಯೂಟರನ್ನು ತಾವೇ ಜೋಡಿಸಿಕೊಳ್ಳುವವರ ನಡುವೆ, ಪ್ರೊಸೆಸರ್‌ನ ಶಾಖದ ಬಗ್ಗೆ ಪೆಟ್ಟಿಗೆಯ ಮೇಲೆ ವ್ಯಾಟ್‌ಗಳಲ್ಲಿ ಕಾಣುವ ಟಿಡಿಪಿಯಷ್ಟು ಧೈರ್ಯವಾಗಿ, ಟಿಡಿಪಿಯಷ್ಟು ತಪ್ಪಾಗಿ ಬಳಕೆಯಾಗುವ ಪದ ಬಹುಶಃ ಇನ್ನೊಂದಿಲ್ಲ. ‘ಇದು 65 ವ್ಯಾಟ್ ಟಿಡಿಪಿ, ಬಿಸಿಯಾಗುವ ಪ್ರಶ್ನೆಯೇ ಇಲ್ಲ’ ಎನ್ನುವವರಿದ್ದಾರೆ. ‘ಪ್ರೊಸೆಸರ್ 125 ವ್ಯಾಟ್, ಕೂಲರ್ ಪೆಟ್ಟಿಗೆಯ ಮೇಲೆ 130 ವ್ಯಾಟ್ ಎಂದಿದೆ, ಸಾಕು’ ಎಂದು ಪ್ರೊಸೆಸರನ್ನು ತಂಪಾಗಿಡುವ ಸಾಧನವಾದ ಕೂಲರ್‌ನ ಲೆಕ್ಕ ಮುಗಿಸುವವರಿದ್ದಾರೆ. ಇವರಿಬ್ಬರನ್ನೂ ತಿದ್ದಲು ಬರುವ ಮೂರನೆಯವರು ‘ಟಿಡಿಪಿ ಎಂದರೆ ಹೊರಬರುವ ಶಾಖ, ಬಳಸುವ ವಿದ್ಯುತ್ ಅಲ್ಲ’ ಎಂದು ತೀರ್ಪು ಕೊಡುತ್ತಾರೆ. ಅದೂ ಸರಿಯಲ್ಲ, ಪಾಂಡಿತ್ಯದ ಧಾಟಿಯಲ್ಲಿ ಬರುವುದರಿಂದ ಮೊದಲೆರಡಕ್ಕಿಂತ ಬೇಗ ಹರಡುತ್ತದೆ, ಅಷ್ಟೆ.

ಕನ್ನಡ ಪತ್ರಿಕೆ ಓದುವವರಿಗೆ ಟಿಡಿಪಿ ಎಂದೊಡನೆ ಆಂಧ್ರದ ಪಕ್ಷವೊಂದು ನೆನಪಾಗುವುದು ಸಹಜ. ಇಲ್ಲಿ ಅದು ಥರ್ಮಲ್ ಡಿಸೈನ್ ಪವರ್. ಮೊದಲನೆಯ ಪದವನ್ನೂ ಕೊನೆಯ ಪದವನ್ನೂ ಎಲ್ಲರೂ ಓದಿಕೊಳ್ಳುತ್ತಾರೆ, ನಡುವಿನ ‘ಡಿಸೈನ್’ ಅನ್ನು ಹಾರಿಸಿಬಿಡುತ್ತಾರೆ. ಅರ್ಥದ ಭಾರವೆಲ್ಲ ಇರುವುದು ಅಲ್ಲಿಯೇ. ಎಂಜಿನಿಯರುಗಳ ಮಾತಿನಲ್ಲಿ ಡಿಸೈನ್ ಎಂಬ ವಿಶೇಷಣ ಹೊತ್ತ ಸಂಖ್ಯೆ ಅಳತೆ ಮಾಡಿ ಪಡೆದದ್ದಲ್ಲ, ಒಪ್ಪಿಕೊಂಡದ್ದು. ರಸ್ತೆಯಡಿಯ ಮೋರಿಯನ್ನು ಕಟ್ಟುವವರು ಇಷ್ಟು ನೀರು ಹರಿದುಹೋಗಬೇಕು ಎಂದು ಒಂದು ಪ್ರಮಾಣವನ್ನು ಗೊತ್ತುಮಾಡಿಕೊಂಡು ಅದರಂತೆ ಅಗಲವನ್ನು ನಿರ್ಧರಿಸುತ್ತಾರೆ; ಆ ಪ್ರಮಾಣ ಮೋರಿಯ ಬಗ್ಗೆ ಹೇಳುತ್ತದೆಯೇ ಹೊರತು ಈ ವರ್ಷ ಸುರಿಯುವ ಮಳೆಯ ಬಗ್ಗೆ ಅಲ್ಲ. ಟಿಡಿಪಿಯೂ ಹಾಗೆಯೇ ಪ್ರೊಸೆಸರ್ ತಯಾರಕರು ಕೂಲರ್ ವಿನ್ಯಾಸಕಾರರಿಗೆ ಕೊಡುವ ಒಂದು ಸೂಚನೆ. ಕೊಳ್ಳುವವರ ಕಣ್ಣಿಗೆ ಬೀಳಲೆಂದು ಹುಟ್ಟಿದ ಸಂಖ್ಯೆ ಅದಲ್ಲ.

ಮೂರನೆಯವರ ಮಾತನ್ನು ಮೊದಲು ಮುಗಿಸೋಣ. ಪ್ರೊಸೆಸರ್ ಯಾವ ಚಕ್ರವನ್ನೂ ತಿರುಗಿಸುವುದಿಲ್ಲ, ಯಾವ ಭಾರವನ್ನೂ ಎತ್ತುವುದಿಲ್ಲ. ಒಳಹೋದ ವಿದ್ಯುತ್ತಿನಲ್ಲಿ ಮೆಮೊರಿ ಮುಂತಾದ ಬಿಡಿಭಾಗಗಳ ಕಡೆಗೆ ಸಂಕೇತವಾಗಿ ಹೊರಡುವ ಅತ್ಯಲ್ಪ ಪಾಲನ್ನು ಬಿಟ್ಟರೆ ಉಳಿದದ್ದೆಲ್ಲ ಶಾಖವಾಗಿಯೇ ಹೊರಬರಬೇಕು. ಶಕ್ತಿಯ ಸಂರಕ್ಷಣೆಯ ನಿಯಮಕ್ಕೆ ಸಿಲಿಕಾನ್ ಹೊರತಲ್ಲ. 142 ವ್ಯಾಟ್ ವಿದ್ಯುತ್ತನ್ನು ಬಳಸುತ್ತಿರುವ ಪ್ರೊಸೆಸರ್ 142 ವ್ಯಾಟ್ ಶಾಖವನ್ನೇ ಬಿಡುತ್ತಿರುತ್ತದೆ. ಆದ್ದರಿಂದ ‘ಶಾಖ ಬೇರೆ, ಬಳಕೆ ಬೇರೆ’ ಎಂಬ ವಿಂಗಡಣೆಗೆ ಆಧಾರವಿಲ್ಲ. ಟಿಡಿಪಿ ವಿದ್ಯುತ್ ಬಳಕೆಗೆ ಸಮವಾಗಿಲ್ಲದಿರುವುದಕ್ಕೆ ಕಾರಣ ಅದು ಶಾಖದ ಸಂಖ್ಯೆಯಾಗಿರುವುದಲ್ಲ. ಯಾವ ಸ್ಥಿತಿಯ ಶಾಖವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದನ್ನು ತಯಾರಕರೇ ಆಯ್ದುಕೊಳ್ಳುವುದು.

ಆ ಆಯ್ಕೆ ಎಷ್ಟು ಸಡಿಲವಾದದ್ದು ಎಂಬುದಕ್ಕೆ ಪ್ರೊಸೆಸರ್ ತಯಾರಕ ಎಎಂಡಿಯ ಸೂತ್ರಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಪ್ರೊಸೆಸರ್‌ನ ಲೋಹದ ಮುಚ್ಚಳ ಮುಟ್ಟಬಹುದಾದ ಗರಿಷ್ಠ ತಾಪಮಾನದಿಂದ, ಕೂಲರ್‌ನ ಫ್ಯಾನ್ ಒಳಗೆಳೆದುಕೊಳ್ಳುವ ಗಾಳಿಯ ತಾಪಮಾನವನ್ನು ಕಳೆಯಬೇಕು. ಉಳಿದದ್ದನ್ನು ಕೂಲರ್‌ನ ಉಷ್ಣರೋಧದಿಂದ, ಅಂದರೆ ಪ್ರತಿ ವ್ಯಾಟ್ ಶಾಖಕ್ಕೆ ತಾಪಮಾನ ಎಷ್ಟು ಡಿಗ್ರಿ ಏರುತ್ತದೆಂಬ ಅಳತೆಯಿಂದ, ಭಾಗಿಸಬೇಕು. 2018ರ ರೈಜೆನ್ 7 2700ಎಕ್ಸ್ ಪ್ರೊಸೆಸರ್‌ಗೆ ಈ ಸಂಖ್ಯೆಗಳು ಅನುಕ್ರಮವಾಗಿ 61.8 ಡಿಗ್ರಿ, 42 ಡಿಗ್ರಿ ಮತ್ತು 0.189. ಕಳೆದು ಭಾಗಿಸಿದರೆ 104.76 ಬರುತ್ತದೆ, ಪೆಟ್ಟಿಗೆಯ ಮೇಲಿನ 105 ವ್ಯಾಟ್ ಅದೇ. ಈ ಲೆಕ್ಕದಲ್ಲಿ ಪ್ರೊಸೆಸರ್ ಎಷ್ಟು ವಿದ್ಯುತ್ ಬಳಸುತ್ತದೆ ಎಂಬ ಅಂಶ ಎಲ್ಲಿಯೂ ಇಲ್ಲವೆಂಬುದನ್ನು ದಯವಿಟ್ಟು ಗಮನಿಸಬೇಕು. ಚಿಪ್ಪು, ವೋಲ್ಟೇಜು, ವೇಗ ಯಾವುದನ್ನೂ ಮುಟ್ಟದೆ, ಕಲ್ಪಿಸಿಕೊಂಡ ಕೂಲರ್‌ನ ಉಷ್ಣರೋಧವನ್ನು 0.165ಕ್ಕೆ ಇಳಿಸಿದರೆ ಅದೇ ಪ್ರೊಸೆಸರ್‌ನ ಟಿಡಿಪಿ 120 ವ್ಯಾಟ್ ಆಗುತ್ತದೆ. ಒಳ್ಳೆಯ ಕೂಲರನ್ನು ಊಹಿಸಿಕೊಂಡಷ್ಟೂ ಟಿಡಿಪಿ ಹೆಚ್ಚುತ್ತದೆ! ಪ್ರೊಸೆಸರ್‌ನ ಗುಣವೆಂದು ಓದಿದರೆ ಇದು ಹಾಸ್ಯಾಸ್ಪದ. ‘ಮುಚ್ಚಳವನ್ನು ಈ ತಾಪಮಾನದೊಳಗೆ ಇರಿಸಬೇಕಾದರೆ ಇಂಥ ಗಾಳಿಯಲ್ಲಿ ಇಂಥ ಕೂಲರ್ ಬೇಕು’ ಎಂಬ ಸೂಚನೆಯೆಂದು ಓದಿದರೆ ಪೂರ್ತಿ ಸಮಂಜಸ.

ಇದೇ ಪ್ರೊಸೆಸರ್‌ಗೆ ಮದರ್‌ಬೋರ್ಡ್ ಸಾಕೆಟ್ಟಿನ ಮೂಲಕ ಹರಿಯಬಿಡುವ ವಿದ್ಯುತ್ತಿನ ಮಿತಿ ಬೇರೆಯೇ ಇದೆ. ಎಎಂಡಿ ಅದನ್ನು ಪಿಪಿಟಿ ಎಂದು ಕರೆಯುತ್ತದೆ ಮತ್ತು ಎಎಂ4 ಎಂಬ ಮಾದರಿಯ ಸಾಕೆಟ್ಟಿನಲ್ಲಿ ಅದು ಟಿಡಿಪಿಯ ಸುಮಾರು 1.35 ಪಟ್ಟು: 65 ವ್ಯಾಟ್‌ನದಕ್ಕೆ 88, 105 ವ್ಯಾಟ್‌ನದಕ್ಕೆ 142. ಮೇಲಿನ ಸೂತ್ರದಲ್ಲಿ 142 ವ್ಯಾಟ್ ಹಾಕಿ ನೋಡಿದರೆ, 42 ಡಿಗ್ರಿಯ ಗಾಳಿಯಲ್ಲಿ ಮುಚ್ಚಳ 68.8 ಡಿಗ್ರಿಗೆ ಹೋಗುತ್ತದೆ, ಅಂದರೆ ತಯಾರಕರೇ ಹಾಕಿಕೊಂಡ ಮಿತಿಗಿಂತ 7 ಡಿಗ್ರಿ ಮೇಲೆ. ಆಗ ಪ್ರೊಸೆಸರ್ ಸುಟ್ಟುಹೋಗುವುದಿಲ್ಲ. ತನ್ನ ವೇಗವನ್ನು ತಾನೇ ಸ್ವಲ್ಪ ಇಳಿಸಿಕೊಳ್ಳುತ್ತದೆ.

42 ಡಿಗ್ರಿ ಎಂಬ ಸಂಖ್ಯೆ ನಮ್ಮವರಿಗೆ ವಿಶೇಷವಾಗಿ ತಾಗಬೇಕು. ಅದು ಕೋಣೆಯ ತಾಪಮಾನವಲ್ಲ, ಕ್ಯಾಬಿನೆಟ್ಟಿನೊಳಗೆ ಕೂಲರ್‌ನ ಬಾಯಿಗೆ ಬರುವ ಗಾಳಿಯದು. ಬೆಂಗಳೂರಿನ ಸಾಧಾರಣ ದಿನವೊಂದರಲ್ಲಿ ಆ ಗಾಳಿ 35 ಡಿಗ್ರಿ ಇದ್ದರೆ, ಅದೇ 105 ವ್ಯಾಟ್‌ಗೆ ಅದೇ ಕೂಲರ್ ಮುಚ್ಚಳವನ್ನು 55ರ ಆಸುಪಾಸಿನಲ್ಲಿ ನಿಲ್ಲಿಸುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 42 ಡಿಗ್ರಿ ದಾಟುವ ದಿನಗಳಿರುತ್ತವೆ. ಗಾಜಿನ ಮುಂಬಾಗಿಲಿನ, ಗಾಳಿಯಾಡದ ಚಂದದ ಕ್ಯಾಬಿನೆಟ್ಟನ್ನು ಅಲ್ಲಿಯ ಎಸಿಯಿಲ್ಲದ ಕೋಣೆಯಲ್ಲಿ ಇಟ್ಟುಕೊಂಡವರಿಗೆ ಕಾರ್ಖಾನೆಯ ಈ ಊಹೆ ಅನ್ವಯಿಸುವುದೇ ಇಲ್ಲ. ಕೂಲರ್ ಎಷ್ಟೇ ದೊಡ್ಡದಾಗಿರಲಿ, ಗಾಳಿಯದಾಗಿರಲಿ ನೀರಿನದಾಗಿರಲಿ, ತನ್ನೊಳಗೆ ಬರುವ ಗಾಳಿಗಿಂತ ಪ್ರೊಸೆಸರನ್ನು ತಂಪಾಗಿಸಲಾರದು. ಹಾಗಾಗಿ ‘ನನ್ನದು 70 ಡಿಗ್ರಿ, ನಿಮ್ಮದು 82, ನಿಮ್ಮ ಕೂಲರ್ ಸರಿಯಿಲ್ಲ’ ಎಂದು ಮಡಿಕೇರಿಯವರು ಬಳ್ಳಾರಿಯವರಿಗೆ ಹೇಳುವುದರಲ್ಲಿ ಅರ್ಥವಿಲ್ಲ. ಹೋಲಿಸಲೇಬೇಕಿದ್ದರೆ ಸುತ್ತಲಿನ ಗಾಳಿಗಿಂತ ಎಷ್ಟು ಡಿಗ್ರಿ ಹೆಚ್ಚು ಎಂಬುದನ್ನು, ಅದೂ ಒಂದೇ ವ್ಯಾಟ್‌ನಲ್ಲಿ, ಹೋಲಿಸಬೇಕು. ತಂತ್ರಾಂಶ ತೋರಿಸುವುದು ಮುಚ್ಚಳದ ತಾಪಮಾನವನ್ನಲ್ಲ, ಚಿಪ್ಪಿನೊಳಗಿನದನ್ನು ಎಂಬುದನ್ನೂ ಮರೆಯಬಾರದು. 2700ಎಕ್ಸ್‌ನಲ್ಲಂತೂ ಫ್ಯಾನ್‌ಗಳ ನಿಯಂತ್ರಣಕ್ಕೆಂದು ವರದಿಯಾಗುವ ತಾಪಮಾನಕ್ಕೆ 10 ಡಿಗ್ರಿಯನ್ನು ಬೇಕೆಂದೇ ಸೇರಿಸಲಾಗಿತ್ತು, ಅದನ್ನು ನೋಡಿ ಗಾಬರಿಗೊಂಡವರಿಗೆ ಲೆಕ್ಕವಿಲ್ಲ.

ಇಂಟೆಲ್‌ನ ವ್ಯಾಖ್ಯೆ ಬೇರೆ ದಾರಿಯದು. ಎಲ್ಲ ಕೋರ್‌ಗಳೂ (ಪ್ರೊಸೆಸರ್‌ನೊಳಗಿನ ಲೆಕ್ಕ ಮಾಡುವ ಘಟಕಗಳು) ಮೂಲ ವೇಗದಲ್ಲಿ, ಇಂಟೆಲ್ ತಾನೇ ಆಯ್ದ ಕಠಿಣ ಕೆಲಸವೊಂದನ್ನು ಮಾಡುತ್ತಿರುವಾಗ ಹೊರಬರುವ ಸರಾಸರಿ ಶಾಖ ಅಲ್ಲಿ ಟಿಡಿಪಿ. ಇಲ್ಲಿ ಎಲ್ಲರೂ ಹಾರಿಸುವುದು ‘ಮೂಲ ವೇಗ’ ಎಂಬ ಷರತ್ತನ್ನು. 2020ರ ಕೋರ್ ಐ9-10900ಕೆ ಪ್ರೊಸೆಸರ್‌ನ 125 ವ್ಯಾಟ್ ಟಿಡಿಪಿ ಅನ್ವಯಿಸುವುದು 3.7 ಗಿಗಾಹರ್ಟ್ಸ್‌ಗೆ, ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಗರಿಷ್ಠ ವೇಗವಾದ 5.3 ಗಿಗಾಹರ್ಟ್ಸ್. ಒಂದು ಸಾಲಿನಿಂದ ವೇಗವನ್ನೂ ಇನ್ನೊಂದು ಸಾಲಿನಿಂದ ಶಾಖವನ್ನೂ ಆಯ್ದು ಒಟ್ಟಿಗೆ ಓದುವುದು ಕೊಳ್ಳುವವರ ತಪ್ಪೋ, ಹಾಗೆ ಓದುವಂತೆ ಅಚ್ಚು ಹಾಕಿದವರ ತಪ್ಪೋ ಎಂಬುದನ್ನು ಓದುಗರ ತೀರ್ಮಾನಕ್ಕೆ ಬಿಡುತ್ತೇನೆ. ಆ ಪ್ರೊಸೆಸರ್‌ಗೆ ಇಂಟೆಲ್ ಶಿಫಾರಸು ಮಾಡಿದ ಅಲ್ಪಾವಧಿಯ ಮಿತಿ 250 ವ್ಯಾಟ್, ಅವಧಿಯ ಅಳತೆ 56 ಸೆಕೆಂಡು. ಆಮೇಲೆ ಅದು 125ಕ್ಕೆ ಇಳಿಯಬೇಕು. ಆದರೆ ಬಿಡಿಯಾಗಿ ಮಾರಾಟವಾಗುವ ಅನೇಕ ಮದರ್‌ಬೋರ್ಡುಗಳು ಈ ಇಳಿಕೆಯನ್ನು ಕಾರ್ಖಾನೆಯ ಸೆಟ್ಟಿಂಗ್‌ನಲ್ಲಿಯೇ ತೆಗೆದುಹಾಕಿರುತ್ತಿದ್ದವು. 130 ವ್ಯಾಟ್‌ನ ಕೂಲರ್ ತಂದವರು ವೀಡಿಯೋ ರೆಂಡರ್‌ಗೆ ಕುಳಿತಾಗ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

2021ರ ನವೆಂಬರ್‌ನಲ್ಲಿ ಬಂದ 12ನೆಯ ಪೀಳಿಗೆಯಿಂದ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ವಿವರಪಟ್ಟಿಯಲ್ಲಿ ಟಿಡಿಪಿಯನ್ನು ಕೈಬಿಟ್ಟು ಎರಡು ಸಂಖ್ಯೆಗಳನ್ನು ಕೊಡತೊಡಗಿತು: ಪ್ರೊಸೆಸರ್ ಬೇಸ್ ಪವರ್ ಮತ್ತು ಮ್ಯಾಕ್ಸಿಮಮ್ ಟರ್ಬೊ ಪವರ್. ಕೋರ್ ಐ9-12900ಕೆಗೆ ಅವು 125 ಮತ್ತು 241 ವ್ಯಾಟ್. ಮರುವರ್ಷದ 13900ಕೆಗೆ 125 ಮತ್ತು 253. ಇದು ಪ್ರಾಮಾಣಿಕ ಸುಧಾರಣೆ ಎಂದು ಒಪ್ಪಬೇಕು. ಅಂಗಡಿಗಳ ದರಪಟ್ಟಿಯವರು ಮಾತ್ರ ಎರಡರಲ್ಲಿ ಚಿಕ್ಕದನ್ನು ಆಯ್ದು ಅದರ ಮುಂದೆ ‘ಟಿಡಿಪಿ’ ಎಂದು ಬರೆಯುವುದನ್ನು ಇನ್ನೂ ನಿಲ್ಲಿಸಿಲ್ಲ. ಈ ಕುಟುಂಬದಲ್ಲಿ ಇನ್ನೂ ಕೆಲವು ಪದಗಳು ಬಂದುಹೋಗಿವೆ. ಎಎಂಡಿ 2007ರಲ್ಲಿ ಸರ್ವರ್ ಪ್ರೊಸೆಸರ್‌ಗಳಿಗೆ ಎಸಿಪಿ ಎಂಬ ಸರಾಸರಿ ಸಂಖ್ಯೆಯನ್ನು ತಂದಿತ್ತು. ಇಂಟೆಲ್ 2013ರಲ್ಲಿ ತೆಳು ಲ್ಯಾಪ್‌ಟಾಪುಗಳಿಗೆಂದು ಎಸ್‌ಡಿಪಿ (ಸಿನಾರಿಯೊ ಡಿಸೈನ್ ಪವರ್) ಎಂಬ, ಹಗುರ ಬಳಕೆಯ ಲೆಕ್ಕದ ಸಂಖ್ಯೆಯನ್ನು ತಂದು, 13 ವ್ಯಾಟ್ ಟಿಡಿಪಿಯ ಚಿಪ್ಪನ್ನು 7 ವ್ಯಾಟ್‌ನದೆಂದು ಪರಿಚಯಿಸಿತು. ಎರಡೂ ಈಗ ಬಳಕೆಯಲ್ಲಿಲ್ಲ, ಅದರಿಂದ ಯಾರಿಗೂ ನಷ್ಟವಿಲ್ಲ.

ಇನ್ನು ‘65 ವ್ಯಾಟ್, ಆದ್ದರಿಂದ ತಂಪು’ ಎಂಬ ಮಾತು. ವ್ಯಾಟ್ ಎಂಬುದು ಸೆಕೆಂಡಿಗೆ ಎಷ್ಟು ಶಾಖ ಹೊರಬರುತ್ತದೆ ಎಂಬುದರ ಅಳತೆ. ಡಿಗ್ರಿ ಆ ಶಾಖಕ್ಕೆ ಹೊರಹೋಗಲು ದಾರಿ ಎಷ್ಟು ಸುಲಭ ಎಂಬುದನ್ನೂ ಅವಲಂಬಿಸಿದೆ. 2020ರ ರೈಜೆನ್ 7 5800ಎಕ್ಸ್ ಮತ್ತು ರೈಜೆನ್ 9 5900ಎಕ್ಸ್ ಎರಡಕ್ಕೂ ಟಿಡಿಪಿ 105 ವ್ಯಾಟ್, ಪಿಪಿಟಿ 142 ವ್ಯಾಟ್. ಆದರೂ ಹೆಚ್ಚು ಬಿಸಿಯಾಗುವುದೆಂದು ಹೆಸರು ಕೆಡಿಸಿಕೊಂಡದ್ದು 8 ಕೋರ್‌ನ ಅಗ್ಗದ 5800ಎಕ್ಸ್, 12 ಕೋರ್‌ನ ದುಬಾರಿ 5900ಎಕ್ಸ್ ಅಲ್ಲ. 5900ಎಕ್ಸ್‌ನಲ್ಲಿ ಕೋರ್‌ಗಳು ಎರಡು ಪ್ರತ್ಯೇಕ ಸಿಲಿಕಾನ್ ತುಂಡುಗಳಲ್ಲಿ ಹಂಚಿಹೋಗಿವೆ. 5800ಎಕ್ಸ್‌ನಲ್ಲಿ ಎಂಟೂ ಕೋರ್‌ಗಳ ಶಾಖ ಸುಮಾರು 80 ಚದರ ಮಿಲಿಮೀಟರಿನ ಒಂದೇ ತುಂಡಿನಿಂದ ಹೊರಬರಬೇಕು. ಅಷ್ಟು ಸಣ್ಣ ಜಾಗದಿಂದ ಮುಚ್ಚಳಕ್ಕೆ ಶಾಖ ದಾಟುವುದೇ ಕಷ್ಟವಾಗಿರುವಾಗ, ಮುಚ್ಚಳದ ಮೇಲೆ ಎಷ್ಟು ದೊಡ್ಡ ಕೂಲರ್ ಇದ್ದರೂ ಲಾಭ ಸೀಮಿತ. ಮುಚ್ಚಳಕ್ಕೂ ಕೂಲರ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟನ್ನು ಮೂರು ಸಲ ಬದಲಿಸಿದರೂ ಈ ಅಡಚಣೆ ಇದ್ದಲ್ಲಿಯೇ ಇರುತ್ತದೆ, ಅದು ಪೇಸ್ಟಿಗಿಂತ ಕೆಳಗಿನದು.

ತಾಪಮಾನ ಹೆಚ್ಚಿದ್ದರೆ ಟಿಡಿಪಿ ಹೆಚ್ಚು ಎಂಬ ತಿರುಗುಮುರುಗು ತರ್ಕವೂ ಚಾಲ್ತಿಯಲ್ಲಿದೆ. 2022ರಲ್ಲಿ ಬಂದ ರೈಜೆನ್ 7000 ಸರಣಿಯ ದೊಡ್ಡ ಪ್ರೊಸೆಸರ್‌ಗಳು ಭಾರದ ಕೆಲಸದಲ್ಲಿ 95 ಡಿಗ್ರಿಯವರೆಗೆ ಏರಿ ಅಲ್ಲಿಯೇ ನಿಲ್ಲುವಂತೆ ರೂಪುಗೊಂಡವು; ಕೂಲರ್ ಎಷ್ಟು ಶಾಖವನ್ನು ಒಯ್ಯಬಲ್ಲದೋ ಅಷ್ಟೂ ವೇಗವನ್ನು ಹಿಂಡಿಕೊಳ್ಳುವುದು ಅವುಗಳ ಕ್ರಮ. 170 ವ್ಯಾಟ್ ಟಿಡಿಪಿಯ 7950ಎಕ್ಸ್‌ಗೆ ಪಿಪಿಟಿ 230 ವ್ಯಾಟ್. ಮದರ್‌ಬೋರ್ಡಿನ ಬಯಾಸ್‌ನಲ್ಲಿ, ಅಂದರೆ ಮೂಲ ಸೆಟ್ಟಿಂಗ್‌ಗಳ ಪರದೆಯಲ್ಲಿ, ಇಕೋ ಮೋಡ್ ಆಯ್ದು ಅದನ್ನು 65 ವ್ಯಾಟ್ ಟಿಡಿಪಿಗೆ ಇಳಿಸಿದರೆ ಮಿತಿ 88 ವ್ಯಾಟ್‌ಗೆ ಬರುತ್ತದೆ, ತಾಪಮಾನ ಗಣನೀಯವಾಗಿ ಇಳಿಯುತ್ತದೆ, ವೇಗ ಮಾತ್ರ ವಿದ್ಯುತ್ತಿನಷ್ಟು ಇಳಿಯುವುದಿಲ್ಲ. ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗಳಿಗೆ ತೆರುವ ಬೆಲೆ ಯಾವಾಗಲೂ ದುಬಾರಿ. ಬೇಸಗೆಯಲ್ಲಿ ಕೋಣೆಯೊಳಗೆ ಇನ್ನೊಂದು ಹೀಟರ್ ಬೇಡವೆನ್ನುವವರು ಕೂಲರ್ ಬದಲಿಸುವ ಮುನ್ನ ಈ ಒಂದು ಸೆಟ್ಟಿಂಗನ್ನು ಬದಲಿಸಿ ನೋಡುವುದು ವಿವೇಕ.

ಕೂಲರ್ ಪೆಟ್ಟಿಗೆಯ ಮೇಲಿನ ವ್ಯಾಟ್ ಸಂಖ್ಯೆಯ ವಿಚಾರ ಇನ್ನೂ ಸಡಿಲ. ಎಷ್ಟು ಡಿಗ್ರಿಯ ಗಾಳಿಯಲ್ಲಿ, ಎಷ್ಟು ಅಗಲದ ಸಿಲಿಕಾನ್ ಮೇಲೆ, ಎಷ್ಟು ಸದ್ದು ಮಾಡುತ್ತ ಎಂಬುದನ್ನು ಹೇಳದೆ ‘220 ವ್ಯಾಟ್ ಟಿಡಿಪಿ’ ಎಂದು ಅಚ್ಚುಹಾಕುವುದನ್ನು ತಡೆಯುವ ಸರ್ವಸಮ್ಮತ ಮಾನದಂಡ ಯಾವುದೂ ಇಲ್ಲ. ಆಸ್ಟ್ರಿಯಾದ ನಾಕ್ಟುವಾ ಈ ಕಾರಣಕ್ಕೇ ತನ್ನ ಕೂಲರ್‌ಗಳಿಗೆ ವ್ಯಾಟ್ ಸಂಖ್ಯೆ ಕೊಡುವ ಬದಲು ಎನ್‌ಎಸ್‌ಪಿಆರ್ ಎಂಬ ತನ್ನದೇ ಶ್ರೇಯಾಂಕವನ್ನೂ, ಯಾವ ಪ್ರೊಸೆಸರ್‌ಗೆ ಯಾವ ಕೂಲರ್ ಹೊಂದುತ್ತದೆಂಬ ಪಟ್ಟಿಯನ್ನೂ ಕೊಡುತ್ತದೆ. ಉಳಿದ ಪೆಟ್ಟಿಗೆಗಳ ಮುಂದೆ ನಿಂತವರು ತಮ್ಮ ಪ್ರೊಸೆಸರ್‌ನ ಟಿಡಿಪಿಯ ಬದಲು ಪಿಪಿಟಿಯನ್ನೋ ಮ್ಯಾಕ್ಸಿಮಮ್ ಟರ್ಬೊ ಪವರನ್ನೋ ಹಿಡಿದು ಹೋಲಿಸಿದರೆ ಎಡವುವ ಸಂಭವ ಕಡಿಮೆ.